ಬಂಟ್ವಾಳದ ಹರಿವು, ಐಎಂಡಿ ಗ್ರಿಡ್ ಮಳೆ: ರನ್‌ಆಫ್ ಮಳೆಗಿಂತ ಜಾಸ್ತಿ ಬರ್ತಿದೆ, ಎಲ್ಲಿ ತಪ್ಪಿದೆ?

ಕುಮಾರಧಾರಾ_ಕೆ

ನೇತ್ರಾವತಿಯ ಬಂಟ್ವಾಳ ಸ್ಟೇಷನ್ನಿನ ದಿನವಹಿ ಹರಿವು ಇದೆ. ಸರ್ಕಾರದ ಜಲಮಾಹಿತಿ ತಾಣ ಇಂಡಿಯಾ-ವ್ರಿಸ್‌ನಿಂದ ಇಳಿಸಿದ್ದು, ಕ್ಯುಮೆಕ್‌ನಲ್ಲಿದೆ (ಸೆಕೆಂಡಿಗೆ ಇಷ್ಟು ಘನ ಮೀಟರ್). ಮಳೆಗೆ ಹವಾಮಾನ ಇಲಾಖೆಯ (ಐಎಂಡಿ) 0.25 ಡಿಗ್ರಿ ಗ್ರಿಡ್, ಅಂದರೆ ಚೌಕ ಚೌಕವಾಗಿ ಹಂಚಿದ ದಿನದ ಮಳೆ. ಬೇಕಾಗಿರುವುದು ಇಷ್ಟು: ವರ್ಷದ ರನ್‌ಆಫ್ ಗುಣಾಂಕ (ಮಳೆಯಲ್ಲಿ ಹೊಳೆಗೆ ಹರಿದ ಪಾಲು), ಫ್ಲೋ ಡ್ಯುರೇಶನ್ ಕರ್ವ್ (ಎಷ್ಟು ಹರಿವು ಎಷ್ಟು ಕಾಲ ಇರುತ್ತದೆ ಎಂಬ ಗೆರೆ), ಬೇಸ್‌ಫ್ಲೋ (ನೆಲದೊಳಗಿಂದ ನಿಧಾನ ಬರುವ ಹರಿವು), 50 ಮತ್ತು 100 ವರ್ಷದ ನೆರೆ (ಸರಾಸರಿ ಅಷ್ಟು ವರ್ಷಕ್ಕೊಮ್ಮೆ ಮೀರುವಂಥದ್ದು). ಆಮೇಲೆ ಮಳೆಯಿಂದ ಹರಿವು ಲೆಕ್ಕ ಹಾಕುವ ಜಿಆರ್4ಜೆ ಮಾಡೆಲ್ ಓಡಿಸಬೇಕು. ಮ್ಯಾಟ್‌ಲ್ಯಾಬ್ ಲೈಸೆನ್ಸ್ ಇಲ್ಲ, ಎಲ್ಲವೂ ಓಪನ್ ಸೋರ್ಸ್‌ನಲ್ಲೇ ಆಗಬೇಕು. ಮಳೆಯನ್ನು ಪೈಥಾನ್‌ನಲ್ಲಿ ಐಎಂಡಿಲಿಬ್ ಮತ್ತು ಎಕ್ಸ್‌ಅರೇ ಬಳಸಿ ತೆಗೆದಿದ್ದೇನೆ, ಹರಿವನ್ನು ಆರ್‌ನಲ್ಲಿ ಓದಿದ್ದೇನೆ, ಜಲಾನಯನದ ಗಡಿ ಕ್ಯೂಜಿಐಎಸ್‌ನಲ್ಲಿ ಎಳೆದದ್ದು.

ತೊಂದರೆಗಳು:

ಕೆಲವು ವರ್ಷ ರನ್‌ಆಫ್ ಗುಣಾಂಕ 1 ದಾಟುತ್ತಿದೆ, ಅಂದರೆ ಸುರಿದದ್ದಕ್ಕಿಂತ ಹರಿದದ್ದೇ ಹೆಚ್ಚು. ಎಷ್ಟು ದಿನ ಸರಿಸಿದರೆ ಮಳೆ-ಹರಿವು ಹೆಚ್ಚು ಹೊಂದುತ್ತವೆ ಎಂದು ನೋಡಲು ಆರ್‌ನ ಸಿಸಿಎಫ್ ಹಾಕಿದರೆ ಗರಿಷ್ಠ ಸಂಬಂಧ −1 ದಿನದಲ್ಲಿ ಸಿಗುತ್ತಿದೆ. ಜನವರಿ-ಫೆಬ್ರವರಿಯಲ್ಲಿ ಅಲ್ಲಲ್ಲಿ ಒಂದೊಂದು ದಿನ ನೆರೆ ಬಂದ ಹಾಗೆ ಹರಿವು ಏರಿ ಮರುದಿನ ಇಳಿದುಬಿಡುತ್ತದೆ. ಇನ್ನೊಂದು, ದೊಡ್ಡ ಮಳೆಯ ದಿನಗಳಲ್ಲೇ ಹರಿವಿನ ಜಾಗದಲ್ಲಿ ಎನ್‌ಎ (ಮೌಲ್ಯ ಇಲ್ಲ) ಇದೆ. ಡೇಟಾನೇ ಹೀಗಾ, ಅಥವಾ ನಾನು ಓದಿದ ರೀತಿಯಲ್ಲಿ ದೋಷ ಇದೆಯಾ?

ಜಲಲೆಕ್ಕ

ಕೊನೆಯ ಎರಡು ಲಕ್ಷಣ ಓದುವ ಹಂತದವು. ಮೊದಲು ಅವನ್ನು ಮುಗಿಸಿ, ಅಲ್ಲಿಯವರೆಗೆ ಗುಣಾಂಕ ಲೆಕ್ಕ ಹಾಕಬೇಡಿ.

ಬೇಸಿಗೆಯಲ್ಲಿ ಒಂದೇ ದಿನ ಏರಿ ಇಳಿಯುವ ಆ ಕೊಂಬುಗಳ ತಾರೀಖು ನೋಡಿ. ಅವು 6, 7, 8, 9ನೇ ತಾರೀಖುಗಳಲ್ಲೇ ಬಿದ್ದಿದ್ದರೆ ದಿನ ಮತ್ತು ತಿಂಗಳು ಅದಲು ಬದಲಾಗಿವೆ ಅಂತಲೇ ಅರ್ಥ. ಜುಲೈ 2 ಎಂಬುದು ಫೆಬ್ರವರಿ 7 ಆಗಿದೆ, ಆಗಸ್ಟ್ 1 ಎಂಬುದು ಜನವರಿ 8 ಆಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೆರೆ ಹೀಗೆ ತಿರುಗಿದರೆ ಹೋಗಿ ಕೂರುವುದು ಈ ನಾಲ್ಕು ತಾರೀಖುಗಳಲ್ಲೇ. 12 ದಾಟಿದ ದಿನಗಳು ತಿಂಗಳಾಗಲು ಬರುವುದಿಲ್ಲವಾದ್ದರಿಂದ ಅವು ಸರಿಯಾಗಿಯೇ ಇರುತ್ತವೆ. ಹಾಗಾಗಿ ಗ್ರಾಫ್ ದೂರದಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಮೋಸ ಇರುವುದು ಅಲ್ಲೇ.

ಬಹಳ ಸಲ ಇದನ್ನು ಮಾಡುವುದು ಆರ್ ಅಲ್ಲ, ಎಕ್ಸೆಲ್. ಸಿಎಸ್‌ವಿ ಫೈಲನ್ನು ಅಮೆರಿಕನ್ ಸೆಟ್ಟಿಂಗ್ ಇರುವ ಕಂಪ್ಯೂಟರ್‌ನಲ್ಲಿ ಒಮ್ಮೆ ತೆರೆದು ಸೇವ್ ಮಾಡಿದರೆ ಸಾಕು. ತಾರೀಖಿನ ಕಾಲಂ ಗಮನಿಸಿ: ಕೆಲವು ಸಾಲು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿವೆಯಾ? ಬಲಕ್ಕಿರುವುದು ಎಕ್ಸೆಲ್ ತಾರೀಖೆಂದು ಒಪ್ಪಿಕೊಂಡದ್ದು (ಅದರಲ್ಲಿ ತಿರುಗಿದ್ದೂ ಸೇರಿದೆ), ಎಡಕ್ಕಿರುವುದು ಬರೀ ಅಕ್ಷರವಾಗಿ ಉಳಿದದ್ದು. ಇನ್ನೊಂದು ಪರೀಕ್ಷೆ: ಆ ಕಾಲಂ ಅನ್ನು ನಂಬರ್ ಆಗಿ ತೋರಿಸಲು ಹೇಳಿ. 2019ರ ಆಗಸ್ಟ್ 9ಕ್ಕೆ 43686 ಬರಬೇಕು. 43716 ಬಂದರೆ ಅದು ಸೆಪ್ಟೆಂಬರ್ 8 ಆಗಿಹೋಗಿದೆ. ಹಾಳಾದ ಫೈಲನ್ನು ರಿಪೇರಿ ಮಾಡುವ ಗೋಜು ಬೇಡ, ಮತ್ತೆ ಇಳಿಸಿಕೊಳ್ಳಿ. ತೆರೆದು ನೋಡಲೇಬೇಕಿದ್ದರೆ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಇಂಪೋರ್ಟ್ ಮಾಡುವಾಗಲೇ ಆ ಕಾಲಂ ದಿನ-ತಿಂಗಳು-ವರ್ಷ ಎಂದು ಗುರುತು ಮಾಡಿ. ಆರ್‌ನಲ್ಲಿ ತಾರೀಖನ್ನು ಅಕ್ಷರವಾಗಿಯೇ ಓದಿ, ಲ್ಯೂಬ್ರಿಡೇಟ್‌ನ ಡಿಎಂವೈ ಫಂಕ್ಷನ್‌ಗೆ ಕೊಡಿ. ಪೈಥಾನ್‌ನ ಪಾಂಡಾಸ್ ಆದರೆ ತಾರೀಖಿನ ಫಾರ್ಮ್ಯಾಟ್ ಕಡ್ಡಾಯವಾಗಿ ಬರೆಯಿರಿ. ಪಾಂಡಾಸ್‌ನ 2ಕ್ಕಿಂತ ಹಿಂದಿನ ಆವೃತ್ತಿಗಳು ಒಂದೊಂದು ಸಾಲಿಗೂ ಬೇರೆ ಬೇರೆ ಊಹೆ ಮಾಡಿ ಸುಮ್ಮನೆ ಮುಂದೆ ಹೋಗುತ್ತಿದ್ದವು.

ನೆರೆಯ ದಿನವೇ ಎನ್‌ಎ ಬರುವುದಕ್ಕೆ ನನ್ನ ಅನುಮಾನ ಅಲ್ಪವಿರಾಮದ ಮೇಲೆ. 985.4 ಓದಿಕೊಳ್ಳುತ್ತದೆ, 1,240.6 ಎಂದು ಬರೆದಿದ್ದರೆ ಆರ್‌ನ ಆಸ್-ನ್ಯೂಮರಿಕ್ ಅದನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. ಒಂದು ವಾರ್ನಿಂಗ್ ಕೊಟ್ಟು ಎನ್‌ಎ ಮಾಡಿಬಿಡುತ್ತದೆ. ಪರಿಣಾಮ, ಸಾವಿರ ಕ್ಯುಮೆಕ್ ದಾಟಿದ ಎಲ್ಲ ದಿನವೂ ಮಾಯ. ರೀಡರ್ ಪ್ಯಾಕೇಜಿನ ಪಾರ್ಸ್-ನಂಬರ್ ಬಳಸಿ. ಪಾಂಡಾಸ್‌ನಲ್ಲಿ ಸಿಎಸ್‌ವಿ ಓದುವಾಗ ಥೌಸೆಂಡ್ಸ್ ಎಂಬ ಆಯ್ಕೆಗೆ ಅಲ್ಪವಿರಾಮ ಕೊಡಿ. ಓದಿದ ಮೇಲೆ ಗರಿಷ್ಠ ಮೌಲ್ಯ 999ರ ಆಸುಪಾಸಿನಲ್ಲೇ ನಿಂತಿದೆಯಾ ಎಂದು ನೋಡಿದರೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಒಂದು ಮಾತು: 1000 ಕ್ಯುಮೆಕ್ ಇಡೀ ದಿನ ಹರಿದರೆ 3200 ಚದರ ಕಿಮೀ ಮೇಲೆ 27 ಮಿಮೀ. ಅಂಥ ದಿನಗಳೆಲ್ಲ ಈಗ ಲೆಕ್ಕದಿಂದ ಹೊರಗಿವೆ. ಇದು ಸರಿಯಾದ ಮೇಲೆ ನಿಮ್ಮ ಗುಣಾಂಕ ಇಳಿಯುವುದಿಲ್ಲ, ಇನ್ನೂ ಏರುತ್ತದೆ. ಹಾಗಾಗಿ 1 ದಾಟುವುದಕ್ಕೆ ಕಾರಣ ಹರಿವನ್ನು ಓದಿದ ರೀತಿಯಲ್ಲಿಲ್ಲ, ಮೊದಲು ಹುಡುಕಬೇಕಾದ್ದು ಮಳೆಯಲ್ಲಿ, ವಿಸ್ತೀರ್ಣದಲ್ಲಿ. ಇನ್ನು ಸಿಸಿಎಫ್: ಮೊದಲು ಮಳೆ ಕೊಟ್ಟಿರಾ, ಹರಿವು ಕೊಟ್ಟಿರಾ?

ಘಟ್ಟದಂಚು

ಮಳೆ ಮತ್ತು ವಿಸ್ತೀರ್ಣದ ಬಗ್ಗೆ ನಾನು ಹೇಳುತ್ತೇನೆ.

ಮೊದಲು ವಿಸ್ತೀರ್ಣ. ಬಂಟ್ವಾಳಕ್ಕೆ 3000 ಚದರ ಕಿಮೀಗಿಂತ ಸ್ವಲ್ಪ ಹೆಚ್ಚು ಬರಬೇಕು. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಸೇರಿದ ಮೇಲಿನ ಸ್ಟೇಷನ್ ಇದು, ನಿಮ್ಮ ಗಡಿಯೊಳಗೆ ಆ ಕವಲು ಪೂರ್ತಿ ಇದೆಯಾ ನೋಡಿ. ಲೆಕ್ಕ ಹಾಕುವ ಮುಂಚೆ ಲೇಯರನ್ನು ಮೀಟರ್‌ನಲ್ಲಿ ಅಳೆಯುವ ಯುಟಿಎಂ 43 ಉತ್ತರ ಎಂಬ ನಕ್ಷಾಪದ್ಧತಿಗೆ ಬದಲಿಸಬೇಕು, ಇಪಿಎಸ್‌ಜಿ ಸಂಖ್ಯೆ 32643. ಡಿಗ್ರಿಯಲ್ಲೇ ಬಿಟ್ಟರೆ ಜಿಯೋಪಾಂಡಾಸ್ ಚದರ ಡಿಗ್ರಿಯಲ್ಲಿ ಉತ್ತರ ಕೊಡುತ್ತದೆ. ವೈಟ್‌ಬಾಕ್ಸ್ ಸಾಫ್ಟ್‌ವೇರ್‌ನಲ್ಲಿ ಗಡಿ ಎಳೆದಿದ್ದರೆ ಸ್ಟೇಷನ್ ಬಿಂದುವನ್ನು ಹೊಳೆಗೆ ಕೂರಿಸುವ ದೂರವೂ ಮ್ಯಾಪಿನ ಯೂನಿಟ್‌ನಲ್ಲೇ ಇರುತ್ತದೆ. ಡಿಇಎಂ (ನೆಲದ ಎತ್ತರದ ನಕ್ಷೆ) ಡಿಗ್ರಿಯಲ್ಲಿದ್ದು ನೀವು 200 ಎಂದು ಕೊಟ್ಟರೆ ಅದು 200 ಮೀಟರ್ ಅಲ್ಲ ಮಾರಾಯ್ರೆ, 200 ಡಿಗ್ರಿ. ಕೂರಿಸದೆ ಬಿಟ್ಟರೆ ಬಿಂದು ದಂಡೆಯ ಮೇಲೆ ಬಿದ್ದು ಕೆಲವೇ ಎಕರೆಯ ಜಲಾನಯನ ಸಿಗುತ್ತದೆ.

ಈಗ ಗ್ರಿಡ್. ಐಎಂಡಿ ಫೈಲು ರೇಖಾಂಶದಲ್ಲಿ 135, ಅಕ್ಷಾಂಶದಲ್ಲಿ 129 ಬಿಂದು, 66.5 ಪೂರ್ವದಿಂದ 100 ಪೂರ್ವದವರೆಗೆ, 6.5 ಉತ್ತರದಿಂದ 38.5 ಉತ್ತರದವರೆಗೆ. ಮೊದಲ ಸಾಲು ದಕ್ಷಿಣದ್ದು. ಇವು ಚೌಕದ ಮೂಲೆಗಳಲ್ಲ, ನಡುಬಿಂದುಗಳು. ರಾಸ್ಟರ್ ಮಾಡುವಾಗ 66.5 ಅನ್ನು ಮೂಲೆ ಎಂದು ಕೊಟ್ಟರೆ ಇಡೀ ನಕ್ಷೆ ಅರ್ಧ ಚೌಕ, ಅಂದರೆ ಹತ್ತಿರ ಹತ್ತಿರ 14 ಕಿಮೀ ಜರುಗುತ್ತದೆ. ಬಯಲುಸೀಮೆಯಲ್ಲಿ ಇದು ಅಷ್ಟಾಗಿ ಕಾಣಿಸದೇ ಹೋಗಬಹುದು. ಘಟ್ಟದಲ್ಲಿ 14 ಕಿಮೀ ಅಂದರೆ ಗುಡ್ಡದ ಆಚೆಯ ಮಳೆ ಈಚೆಗೆ ಬಂದ ಹಾಗೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಮೀ ದಾಟುವ ಮಳೆ ಪೂರ್ವಕ್ಕೆ ಹೋಗುತ್ತಾ ಎಷ್ಟು ಬೇಗ ಇಳಿಯುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ನೇತ್ರಾವತಿಯ ತಲೆಯೂ ಅಂಥದೇ ಅಂಚಿನಲ್ಲಿದೆ.

ಒಂದು ಚೌಕ ಈ ಅಕ್ಷಾಂಶದಲ್ಲಿ ಸುಮಾರು 750 ಚದರ ಕಿಮೀ. ಅಂದರೆ ನಿಮ್ಮ ಜಲಾನಯನ ನಾಲ್ಕೂವರೆ ಚೌಕದಷ್ಟೂ ಇಲ್ಲ. ನಡುಬಿಂದು ಗಡಿಯೊಳಗೆ ಬಿದ್ದ ಚೌಕ ಮಾತ್ರ ಆರಿಸಿದರೆ ಘಟ್ಟದ ನೆತ್ತಿಯ ಚೌಕಗಳು ಬಿಟ್ಟುಹೋಗುತ್ತವೆ, ಹೆಚ್ಚು ಸುರಿಯುವುದೇ ಅಲ್ಲಿ. ಮುಟ್ಟಿದ ಚೌಕವನ್ನೆಲ್ಲ ಸಮನಾಗಿ ಸೇರಿಸಿದರೆ ಪೂರ್ವದ ಒಣ ಭಾಗ ಒಳಗೆ ಬರುತ್ತದೆ. ಎಕ್ಸಾಕ್ಟ್‌ಎಕ್ಸ್‌ಟ್ರ್ಯಾಕ್ಟ್ ಬಳಸಿ, ಪೈಥಾನ್ ಮತ್ತು ಆರ್ ಎರಡಕ್ಕೂ ಇದೆ. ಒಂದೊಂದು ಚೌಕದ ಎಷ್ಟು ಪಾಲು ಗಡಿಯೊಳಗಿದೆ ಎಂದು ಅಳೆದು ತೂಕದ ಸರಾಸರಿ ಕೊಡುತ್ತದೆ.

ಡೇಟಾ ಇಲ್ಲದ ಚೌಕಕ್ಕೆ ಹಾಕಿರುವ −999 ಏನು ಮಾಡಿದ್ದೀರಿ? ಐಎಂಡಿಲಿಬ್ ಎಕ್ಸ್‌ಅರೇಗೆ ಬದಲಿಸಿಕೊಟ್ಟಾಗಲೂ ಅದು ಹಾಗೇ ಉಳಿದಿರುತ್ತದೆ, ನೀವೇ ಮರೆಮಾಡಬೇಕು. "ಮಳೆ ನೆಗೆಟಿವ್ ಇರಲಾರದು" ಎಂದು ಸೊನ್ನೆಗಿಂತ ಕೆಳಗಿನದನ್ನೆಲ್ಲ ಸೊನ್ನೆ ಮಾಡುವ ಕೋಡ್ ತುಂಬಾ ಕಡೆ ಇದೆ. ಕರಾವಳಿಯಲ್ಲಿ ಹಾಗೆ ಮಾಡಿದರೆ ಸಮುದ್ರದ ಚೌಕ ಮಳೆಯೇ ಬೀಳದ ಜಾಗವಾಗಿ ಸರಾಸರಿಗೆ ಸೇರುತ್ತದೆ. ನೆಗೆಟಿವ್ ಸಂಖ್ಯೆ ಕಣ್ಣಿಗೆ ಬಿದ್ದಿದ್ದರೆ ತಪ್ಪು ತಿಳಿಯುತ್ತಿತ್ತು, ಸೊನ್ನೆ ಮಾಡಿದ ಮೇಲೆ ತಿಳಿಯುವುದಿಲ್ಲ.

ಕುಮಾರಧಾರಾ_ಕೆ

ಇಬ್ಬರಿಗೂ ಧನ್ಯವಾದ. ಕೊಂಬುಗಳು 7 ಮತ್ತು 8ನೇ ತಾರೀಖಿನವೇ. ಅಲ್ಪವಿರಾಮವೂ ಇತ್ತು. ಗ್ರಿಡ್‌ನಲ್ಲಿ ನಡುಬಿಂದು ಒಳಗಿದ್ದ ಚೌಕ ಮಾತ್ರ ತೆಗೆದುಕೊಂಡಿದ್ದೆ.

ಸಿಸಿಎಫ್‌ಗೆ ಮೊದಲು ಕೊಟ್ಟದ್ದು ಹರಿವು, ಎರಡನೆಯದು ಮಳೆ. ತಾರೀಖು ಸರಿಮಾಡಿದ ಮೇಲೂ ಗರಿಷ್ಠ −1ರಲ್ಲೇ ಇದೆ. ಆರ್‌ನಲ್ಲಿ ತಾರೀಖನ್ನು ಪೊಸಿಕ್ಸ್-ಸಿಟಿ (ಗಂಟೆ-ನಿಮಿಷವೂ ಸೇರಿದ ಸಮಯ) ಮಾಡಿ, ಆಮೇಲೆ ಆಸ್-ಡೇಟ್ ಹಾಕಿದ್ದೇನೆ.

ಜಲಲೆಕ್ಕ

ಅದೇ ಕಾರಣ. ಆರ್‌ನ ಸಿಸಿಎಫ್‌ನಲ್ಲಿ ಲ್ಯಾಗ್ −1 ಎಂದರೆ ಮೊದಲು ಕೊಟ್ಟ ಸರಣಿಯ ನಿನ್ನೆಗೂ ಎರಡನೆಯದರ ಇವತ್ತಿಗೂ ಇರುವ ಸಂಬಂಧ. ಮಳೆ ಮೊದಲು ಕೊಟ್ಟಿದ್ದರೆ −1 ಸಹಜವಾಗಿತ್ತು: ನಿನ್ನೆಯ ಮಳೆ, ಇವತ್ತಿನ ಹರಿವು. ಹರಿವು ಮೊದಲಿದ್ದು −1 ಬಂದರೆ ಹೊಳೆ ಮಳೆಗಿಂತ ಮುಂಚೆ ಏರಿದೆ ಎಂದಾಗುತ್ತದೆ.

ಟೈಮ್‌ಝೋನ್ ನೋಡಿ. ಪೊಸಿಕ್ಸ್-ಸಿಟಿ ನಿಮ್ಮ ಕಂಪ್ಯೂಟರ್‌ನ ಭಾರತೀಯ ಸಮಯ ಹಿಡಿದು ಆಗಸ್ಟ್ 9ರ ಮಧ್ಯರಾತ್ರಿ ಎಂದು ಬರೆದುಕೊಳ್ಳುತ್ತದೆ. ಯುಟಿಸಿಯಲ್ಲಿ ಅದು ಆಗಸ್ಟ್ 8ರ ಸಂಜೆ 6:30. ಹಳೆಯ ಆರ್ ಆವೃತ್ತಿಗಳ ಆಸ್-ಡೇಟ್ ಯುಟಿಸಿ ಪ್ರಕಾರ ಕತ್ತರಿಸಿ ಆಗಸ್ಟ್ 8 ಕೊಡುತ್ತದೆ. ಇಡೀ ಸರಣಿ ಒಂದು ದಿನ ಹಿಂದಕ್ಕೆ ಸರಿಯುತ್ತದೆ. ದಿನವಹಿ ಡೇಟಾಕ್ಕೆ ಪೊಸಿಕ್ಸ್-ಸಿಟಿ ಬೇಡವೇ ಬೇಡ, ನೇರ ಡೇಟ್ ಮಾಡಿ. ಆರ್‌ನಲ್ಲಿ ಜಿಆರ್4ಜೆ ಓಡಿಸುವ ಏರ್‌ಜಿಆರ್ ಪ್ಯಾಕೇಜಿಗೆ ಪೊಸಿಕ್ಸ್ ಬೇಕೇ ಬೇಕು, ಅಲ್ಲಿ ಟೈಮ್‌ಝೋನ್ ಯುಟಿಸಿ ಎಂದು ಬರೆದುಕೊಡಿ. ಸರಿಯಾಯಿತೋ ಇಲ್ಲವೋ ತಿಳಿಯಲು ಮೂಲ ಫೈಲಿನ ಒಂದು ಸಾಲು, ದೊಡ್ಡ ನೆರೆಯ ದಿನದ್ದು, ತೆಗೆದುಕೊಂಡು ಆರ್‌ನ ಸರಣಿಯಲ್ಲಿ ಅದೇ ತಾರೀಖಿಗೆ ಅದೇ ಸಂಖ್ಯೆ ಇದೆಯಾ ಎಂದು ಕಣ್ಣಾರೆ ನೋಡಿ.

ಸರಿಪಡಿಸಿದ ಮೇಲೆ ಗರಿಷ್ಠ 0ಗೆ ಬರಬೇಕು, ಅದಕ್ಕೆ ಗಾಬರಿ ಬೇಡ. ಐಎಂಡಿಯಲ್ಲಿ ಆಗಸ್ಟ್ 9ರ ಮಳೆ ಎಂದರೆ 8ರ ಬೆಳಿಗ್ಗೆ 8:30ರಿಂದ 9ರ ಬೆಳಿಗ್ಗೆ 8:30ರವರೆಗಿನದು. ಹರಿವು ಅಳೆಯುವುದು ಬೆಳಿಗ್ಗೆ 8ರ ಸುಮಾರಿಗೆ. ಅಷ್ಟರಲ್ಲಿ ಆ ಮಳೆಯ ಬಹುಪಾಲು ಬಿದ್ದಾಗಿರುತ್ತದೆ, ಘಟ್ಟದ ಹೊಳೆ ಏರಿಯೂ ಆಗಿರುತ್ತದೆ.

ಮುಂದೆ ಗ್ರಿಡ್ ಮಳೆಯನ್ನು ಉಪಗ್ರಹದ ಮಳೆಯೊಂದಿಗೆ ಹೋಲಿಸುವುದಾದರೆ ಇದೇ ಜಾಗದಲ್ಲಿ ಮತ್ತೆ ಎಡವುತ್ತೀರಿ. ಐಮರ್ಗ್ ಎಂಬ ಉಪಗ್ರಹ ಮಳೆಯ ದಿನ ಯುಟಿಸಿ ಮಧ್ಯರಾತ್ರಿಗೆ ಶುರು, ನಮಗೆ ಬೆಳಿಗ್ಗೆ 5:30. ಅದರ ಆಗಸ್ಟ್ 8, ಐಎಂಡಿಯ ಆಗಸ್ಟ್ 9ಕ್ಕೆ ಹತ್ತಿರ. ಒಂದು ದಿನ ಸರಿಸದೆ ಹೋಲಿಸಿ "ಉಪಗ್ರಹದ ಮಳೆ ಸರಿಯಿಲ್ಲ" ಎಂದು ಬರೆದ ವರದಿಗಳಿಗೆ ಕೊರತೆಯಿಲ್ಲ. ಹವಾಮಾನ ಮಾಡೆಲ್‌ನಿಂದ ಬರುವ ಇಆರ್‌ಎ5-ಲ್ಯಾಂಡ್ ಮಳೆ ಇನ್ನೊಂದು ಥರ: ಗಂಟೆಗಂಟೆಗೆ ಕೂಡುತ್ತಾ ಹೋಗುವ ಮೊತ್ತ, ದಿನದ ಪೂರ್ತಿ ಮಳೆ ಸಿಗುವುದು ಮರುದಿನದ ಯುಟಿಸಿ 0 ಗಂಟೆಯ ಮೌಲ್ಯದಲ್ಲಿ, ಅದೂ ಮೀಟರ್‌ನಲ್ಲಿ.

ವರ್ಷದ ಮೊತ್ತವನ್ನು ಜನವರಿ-ಡಿಸೆಂಬರ್ ಹಾಕಬೇಡಿ, ಜೂನ್‌ನಿಂದ ಮೇ ಹಾಕಿ. ಪಾಂಡಾಸ್‌ನಲ್ಲಿ ವೈಇ-ಮೇ ಎಂದು ರೀಸ್ಯಾಂಪಲ್ ಮಾಡಿದರೆ ಹೆಸರು ಕೊನೆಯ ದಿನದ್ದು ಬರುತ್ತದೆ: 2018-19ರ ಜಲವರ್ಷ 2019ರ ಮೇ 31 ಎಂದು. ಮಿನ್-ಕೌಂಟ್ (ಕನಿಷ್ಠ ಎಷ್ಟು ಮೌಲ್ಯ ಇರಬೇಕು) ಕೊಡದಿದ್ದರೆ ಪೂರ್ತಿ ಖಾಲಿ ತಿಂಗಳ ಮೊತ್ತ ಎನ್‌ಎ ಆಗುವುದಿಲ್ಲ, 0 ಆಗುತ್ತದೆ. ಆರ್‌ನಲ್ಲಿ ಎನ್‌ಎ ತೆಗೆದುಹಾಕು ಎಂದು ಹೇಳಿ ಮೊತ್ತ ಮಾಡಿದರೂ ಅದೇ ಕಥೆ.

ಎಲ್‌ಮೊಮೆಂಟ್

ನೆರೆ ಮತ್ತು ಬೇಸ್‌ಫ್ಲೋ ಬಗ್ಗೆ.

ವಾರ್ಷಿಕ ಗರಿಷ್ಠ ತೆಗೆಯುವಾಗ ಜೂನ್-ಸೆಪ್ಟೆಂಬರ್‌ನಲ್ಲಿ ಖಾಲಿ ದಿನಗಳಿರುವ ವರ್ಷವನ್ನು ಸುಮ್ಮನೆ ಒಳಗೆ ಬಿಡಬೇಡಿ. ದೊಡ್ಡ ನೆರೆಯ ದಿನವೇ ಅಳತೆ ತಪ್ಪಿಹೋಗುವುದು ಹೆಚ್ಚು. ಹತ್ತಿರದ ಮಳೆ ನೋಡಿ, ಖಾಲಿ ದಿನ ಒಣ ವಾರದಲ್ಲಿದ್ದರೆ ಆ ವರ್ಷ ಇಟ್ಟುಕೊಳ್ಳಿ. ಬೆಳಿಗ್ಗೆ 8ರ ಅಳತೆ ಆ ದಿನದ ತುತ್ತತುದಿ ಅಲ್ಲ ಎಂಬುದೂ ನೆನಪಿರಲಿ. ಮಳೆಗಾಲದ ಗಂಟೆವಾರು ನೀರಿನ ಮಟ್ಟ ಸಿಕ್ಕರೆ ಅದರಿಂದ ತುದಿ ತೆಗೆಯಿರಿ. ಸಿಗದಿದ್ದರೆ ಉತ್ತರವನ್ನು 100 ವರ್ಷದ ದಿನವಹಿ ಹರಿವು ಎಂದೇ ಕರೆಯಿರಿ, ಸೇತುವೆಯ ಡಿಸೈನ್‌ಗೆ ಹಾಗೇ ಕೊಡಬೇಡಿ. 1923ರ ನೆರೆ ದಾಖಲೆ ಶುರುವಾಗುವ ಮುಂಚಿನದು. ಪಾಣೆಮಂಗಳೂರು-ಬಂಟ್ವಾಳದಲ್ಲಿ 1923 ಮತ್ತು 1974ರ ಮಟ್ಟ ಹೇಳುವವರಿದ್ದಾರೆ, ದಾಖಲೆಗಿಂತ ಹಿಂದಿನದನ್ನು ಐತಿಹಾಸಿಕ ನೆರೆಯಾಗಿ ಬೇರೆಯೇ ಸೇರಿಸುವ ವಿಧಾನ ಉಂಟು. ಸಾಮಾನ್ಯ ಪಟ್ಟಿಯಲ್ಲಿ ಒಂದು ಸಾಲಾಗಿ ತುರುಕಬಾರದು.

ಮೊದಲು ವಾರ್ಷಿಕ ಗರಿಷ್ಠಗಳಿಗೆ ಗಂಬೆಲ್ ಹಂಚಿಕೆಯ ಲೆಕ್ಕ ಕೈಯಲ್ಲೇ ಮಾಡಿ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದು, 100 ವರ್ಷಕ್ಕೆ ಸರಾಸರಿಗೆ 3.137 ಪಟ್ಟು ಡೀವಿಯೇಶನ್ ಕೂಡಿಸಿ. ಪ್ಯಾಕೇಜಿನ ಉತ್ತರ ಇದರಿಂದ ತುಂಬಾ ದೂರ ಹೋದರೆ ನಿಂತು ಯೋಚಿಸಿ. ಜಿಇವಿಗೆ (ಗರಿಷ್ಠಗಳಿಗೆ ಬಳಸುವ ಇನ್ನೊಂದು ಹಂಚಿಕೆ) ಹೋದಾಗ ಚಿಹ್ನೆಯ ಗೊಂದಲವೊಂದಿದೆ: ಪೈಥಾನ್‌ನ ಸೈಪೈನ ಜೆನ್‌ಎಕ್ಸ್‌ಟ್ರೀಮ್‌ನ ಶೇಪ್ (ಹಂಚಿಕೆಯ ಬಾಲದ ಆಕಾರ ಹೇಳುವ ಸಂಖ್ಯೆ), ಆರ್‌ನ ಎಕ್ಸ್‌ಟ್ರೀಮ್ಸ್ ಪ್ಯಾಕೇಜಿನ ಶೇಪ್‌ಗೆ ತದ್ವಿರುದ್ಧ. ಒಂದರಲ್ಲಿ +0.1 ಇನ್ನೊಂದರಲ್ಲಿ −0.1. ಆರ್‌ನ ಇನ್ನೊಂದು ಪ್ಯಾಕೇಜ್ ಎಲ್ಮೊಮ್‌ಕೋದಲ್ಲಿ ಶೇಪ್‌ಗೆ ಕಪ್ಪಾ ಎಂದು ಹೆಸರು, ಅದು ಸೈಪೈ ಕಡೆಗಿದೆ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಮೇಲಿನ ಮಿತಿಯೇ ಇಲ್ಲದ ನೆರೆ ಮಿತಿಯುಳ್ಳದ್ದಾಗುತ್ತದೆ, 100 ವರ್ಷದ ಅಂಕಿ ಕೆಳಗೆ ಕುಸಿಯುತ್ತದೆ. ನಲವತ್ತು-ಐವತ್ತು ವರ್ಷದ ದಾಖಲೆಗೆ ಹಂಚಿಕೆ ಹೊಂದಿಸಲು ಎಲ್-ಮೊಮೆಂಟ್ ವಿಧಾನ ಸಾಕು, ಜೊತೆಗೆ ಬೂಟ್‌ಸ್ಟ್ರ್ಯಾಪ್ (ದಾಖಲೆಯಿಂದಲೇ ಮತ್ತೆ ಮತ್ತೆ ಆಯ್ದು ಲೆಕ್ಕ) ಮಾಡಿ ಉತ್ತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂತರವನ್ನೂ ಬರೆಯಿರಿ.

ಬೇಸ್‌ಫ್ಲೋಗೆ ಲೈನ್-ಹಾಲಿಕ್ ಫಿಲ್ಟರ್: ಆಲ್ಫಾ 0.925, ಮೂರು ಸುತ್ತು, ಮುಂದಕ್ಕೆ-ಹಿಂದಕ್ಕೆ-ಮುಂದಕ್ಕೆ. ಎರಡೂ ತುದಿಗೆ 30 ದಿನದ ಹರಿವನ್ನು ಕನ್ನಡಿಯಂತೆ ತಿರುಗಿಸಿ ಅಂಟಿಸದಿದ್ದರೆ ಮೊದಲ ವಾರಗಳ ಉತ್ತರ ನಂಬುವಂತಿಲ್ಲ. ಪ್ರತಿ ದಿನದ ಲೆಕ್ಕ ಹಿಂದಿನ ದಿನದ ಮೇಲೆ ನಿಂತಿರುವುದರಿಂದ ನಡುವೆ ಒಂದು ಎನ್‌ಎ ಇದ್ದರೂ ಅಲ್ಲಿಂದಾಚೆ ಎಲ್ಲವೂ ಎನ್‌ಎ. ಖಾಲಿ ಇರುವಲ್ಲಿ ಸರಣಿಯನ್ನು ತುಂಡು ಮಾಡಿ. ಬೇಸಿಗೆಯ ಎರಡು-ಮೂರು ದಿನದ ಖಾಲಿಯನ್ನು ಲಾಗ್ ಮೌಲ್ಯಗಳ ನಡುವೆ ಗೆರೆ ಎಳೆದು ತುಂಬಬಹುದು, ಜುಲೈಯದನ್ನು ಮಾತ್ರ ಮುಟ್ಟಬೇಡಿ. ಎಕ್‌ಹಾರ್ಟ್ ಫಿಲ್ಟರ್‌ನಲ್ಲಿ ಗಟ್ಟಿ ಬಂಡೆಯ ಜೀವನದಿಗೆ ಸೂಚಿಸಿರುವ ಗರಿಷ್ಠ ಬೇಸ್‌ಫ್ಲೋ ಸೂಚ್ಯಂಕ (ಒಟ್ಟು ಹರಿವಿನಲ್ಲಿ ಬೇಸ್‌ಫ್ಲೋದ ಪಾಲು) 0.25. ದಪ್ಪ ಜಂಬಿಟ್ಟಿಗೆ ಮಣ್ಣು ಹೊದ್ದ ಈ ಜಲಾನಯನಕ್ಕೆ ಅದು ಕಡಿಮೆ ಅನ್ನುವುದು ನನ್ನ ಅಭಿಪ್ರಾಯ. ಅಕ್ಟೋಬರ್-ಡಿಸೆಂಬರ್‌ನ ಇಳಿಕೆಯ ಗೆರೆ ನೋಡಿಯೇ ನಿರ್ಧರಿಸಿ.

ಬೇಸಿಗೆಯ ಹರಿವಿನ ಬಗ್ಗೆ ಇನ್ನೊಂದು ಎಚ್ಚರ. ಮೇಲೆ ಶಂಭೂರಿನ ಅಣೆಕಟ್ಟು, ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟು. ನೀರು ತಡೆದು ನಿಲ್ಲಿಸಿದ ತಿಂಗಳುಗಳಲ್ಲಿ ಹಿನ್ನೀರಿನ ಪ್ರಭಾವ ಇದೆಯಾ, ಹರಿವು ಅಳೆದದ್ದಾ ಅಥವಾ ನೀರಿನ ಮಟ್ಟದಿಂದ ಲೆಕ್ಕ ಹಾಕಿದ್ದಾ ಎಂದು ನೋಡದೆ ಡ್ಯುರೇಶನ್ ಕರ್ವ್‌ನ ಬಾಲಕ್ಕೆ ಅರ್ಥ ಕಟ್ಟಬೇಡಿ.

ಕುಮಾರಧಾರಾ_ಕೆ

ತಾರೀಖು, ಅಲ್ಪವಿರಾಮ, ಟೈಮ್‌ಝೋನ್ ಸರಿಯಾದವು, ಗರಿಷ್ಠ ಸಂಬಂಧ 0ಗೆ ಬಂತು. ತೂಕದ ಸರಾಸರಿ ಹಾಕಿದ ಮೇಲೆ ಗುಣಾಂಕ ಬಹುತೇಕ ವರ್ಷ 1ರ ಕೆಳಗಿದೆ, ಆದರೂ ಎತ್ತರದಲ್ಲೇ ಇದೆ, ಒಂದೆರಡು ವರ್ಷ ಇನ್ನೂ 1 ದಾಟಿದೆ. ಜಿಆರ್4ಜೆ ಓಡಿಸಿದರೆ ಕೆಜಿಇ (ಮಾಡೆಲ್ ಅಳತೆಗೆ ಎಷ್ಟು ಹೊಂದಿದೆ ಎಂಬ ಅಂಕ) ಚೆನ್ನಾಗಿಯೇ ಬರುತ್ತಿದೆ. ಹಾಗಾದರೆ ಮಳೆ ಸರಿ ಇದೆ ಎಂದುಕೊಳ್ಳಬಹುದಾ?

ಘಟ್ಟದಂಚು

ಇಲ್ಲ. ಎಕ್ಸ್2 ಎಷ್ಟು ಬಂದಿದೆ ನೋಡಿ. ಅದು ಜಿಆರ್4ಜೆಯಲ್ಲಿ ಹೊರಗಿನೊಂದಿಗೆ ನೀರಿನ ಕೊಡುಕೊಳ್ಳುವಿಕೆ. ಪಾಸಿಟಿವ್ ಆಗಿ ದೊಡ್ಡದಿದ್ದರೆ ಮಾಡೆಲ್ ಎಲ್ಲಿಂದಲೋ ನೀರು ತಂದು ಸುರಿಯುತ್ತಿದೆ, ಅಂದರೆ ನೀವು ಕೊಟ್ಟ ಮಳೆ ಸಾಲುತ್ತಿಲ್ಲ. ಕೆಜಿಇಗೆ ಇದು ಕಾಣಿಸುವುದಿಲ್ಲ. ಅಲ್ಲದೆ ವರ್ಷಕ್ಕೊಮ್ಮೆ ಏರಿ ಇಳಿಯುವ ನಮ್ಮ ಹೊಳೆಗಳಲ್ಲಿ ಮಳೆಗಾಲ-ಬೇಸಿಗೆ ವ್ಯತ್ಯಾಸ ಹಿಡಿದರೇ ಒಳ್ಳೆಯ ಅಂಕ ಬಂದುಬಿಡುತ್ತದೆ. ಒಂದೊಂದು ತಾರೀಖಿನ ಹಲವು ವರ್ಷಗಳ ಸರಾಸರಿ ಹರಿವನ್ನೇ "ಮಾಡೆಲ್" ಎಂದು ಕೊಟ್ಟು ಅದರ ಕೆಜಿಇ ತೆಗೆಯಿರಿ, ನಿಮ್ಮದು ಅದಕ್ಕಿಂತ ಎಷ್ಟು ಮೇಲಿದೆ ಎಂಬುದು ಮುಖ್ಯ. ಮೊದಲ ಒಂದು ವರ್ಷ ವಾರ್ಮ್‌ಅಪ್‌ಗೆ ಬಿಡಿ.

ಗ್ರಿಡ್‌ನ ಮಳೆಯೇ ಘಟ್ಟದ ನೆತ್ತಿಯಲ್ಲಿ ಕಡಿಮೆ ತೋರಿಸುವುದು ಸಾಮಾನ್ಯ. ಅಲ್ಲಿ ಮಳೆಮಾಪಕ ವಿರಳ, ಕೆಳಗಿನ ಊರುಗಳ ಅಳತೆ ಹರಡಿ ನೆತ್ತಿ ತಗ್ಗುತ್ತದೆ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರವಾದ ಕೆಎಸ್‌ಎನ್‌ಡಿಎಂಸಿಯ ಗ್ರಾಮ ಪಂಚಾಯ್ತಿ ಮಟ್ಟದ ಟೆಲಿಮೆಟ್ರಿಕ್ ಮಾಪಕಗಳ ಡೇಟಾ ಕೇಳಿ ಪಡೆಯಿರಿ. ಅದು ಇತ್ತೀಚಿನ ವರ್ಷಗಳಿಗಷ್ಟೇ ಸಿಗುತ್ತದೆ. ಆ ವರ್ಷಗಳಲ್ಲಿ ಒಂದೊಂದು ಚೌಕದ ಮಾಪಕಗಳ ಸರಾಸರಿ ಜೂನ್-ಸೆಪ್ಟೆಂಬರ್ ಮೊತ್ತವನ್ನು ಅದೇ ಚೌಕದ ಗ್ರಿಡ್ ಮೊತ್ತದಿಂದ ಭಾಗಿಸಿ ಅನುಪಾತ ತೆಗೆದು, ಹಳೆಯ ವರ್ಷಗಳ ಗ್ರಿಡ್ ಮಳೆಗೆ ಚೌಕವಾರು ಗುಣಿಸಿ. ದಿನದ ಮಟ್ಟದಲ್ಲಿ ಅನುಪಾತ ತೆಗೆಯಲು ಹೋಗಬೇಡಿ, ಒಣ ದಿನದಲ್ಲಿ ಸೊನ್ನೆಯಿಂದ ಭಾಗಿಸಿದ ಹಾಗಾಗುತ್ತದೆ.

1 ದಾಟಿದ ಆ ಒಂದೆರಡು ವರ್ಷಕ್ಕೆ ಬೇರೆಯದೇ ಪರೀಕ್ಷೆ. ಬಂಟ್ವಾಳದ ಒಟ್ಟುಗೂಡಿದ ಹರಿವನ್ನು ದಕ್ಷಿಣದ ಪಯಸ್ವಿನಿ ಹೊಳೆಯ ಒಟ್ಟುಗೂಡಿದ ಹರಿವಿನ ಎದುರು ಎಳೆಯಿರಿ. ಆ ವರ್ಷಗಳಿಂದ ಗೆರೆಯ ಓಟ ಮುರಿದು ಬಾಗಿದರೆ ರೇಟಿಂಗ್ ಕರ್ವ್ (ನೀರಿನ ಮಟ್ಟದಿಂದ ಹರಿವು ಲೆಕ್ಕ ಹಾಕುವ ಗೆರೆ) ಬದಲಾಗಿದೆ ಅಥವಾ ಪಾತ್ರ ಕೊರೆದಿದೆ. ಗೆರೆ ನೇರವಾಗಿದ್ದರೆ ಹರಿವನ್ನು ಬಿಟ್ಟು ಮಳೆಯನ್ನೇ ಹಿಡಿಯಿರಿ.